ಅಡ್ರಿನಲ್ ತೊಗಟೆಯ ಹಾರ್ಮೋನುಗಳು: ಪಾಠದ ಉಳಿದರ್ಧ

ನಿರ್ನಾಳ ಗ್ರಂಥಿಗಳ ಪಾಠದಲ್ಲಿ ಅಡ್ರಿನಲ್ ಗ್ರಂಥಿಯ ಸರದಿ ಬಂದಾಗ ನಾವು ಹಾವು ಕಂಡು ಓಡುವ ಹುಡುಗನ ಉದಾಹರಣೆ ಕೊಟ್ಟು, ಅಡ್ರಿನಲಿನ್‌ನೊಂದಿಗೆ ಮುಗಿಸಿಬಿಡುತ್ತೇವೆ. ಅಡ್ರಿನಲಿನ್ ಸ್ರವಿಸುವುದು ಗ್ರಂಥಿಯ ತಿರುಳು. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಈ ಪುಟ್ಟ ಗ್ರಂಥಿಯ ಬಹುಭಾಗವಾದರೋ ಅದರ ತೊಗಟೆ. ಅಲ್ಲಿ ಕೊಲೆಸ್ಟೆರಾಲ್‌ನಿಂದ ತಯಾರಾಗುವ ಹಾರ್ಮೋನುಗಳೇ ಕಾರ್ಟಿಕೋಸ್ಟೀರಾಯ್ಡುಗಳು. ತಿರುಳಿಲ್ಲದೆ ಮನುಷ್ಯ ಬದುಕಬಲ್ಲ. ತೊಗಟೆಯ ಹಾರ್ಮೋನುಗಳಿಲ್ಲದೆ ಬದುಕಲಾರ.

ಇವುಗಳಲ್ಲಿ ಆಲ್ಡೋಸ್ಟೀರಾನ್ ಮೂತ್ರಪಿಂಡವು ಸೋಡಿಯಂ ಉಳಿಸಿಕೊಂಡು ಪೊಟ್ಯಾಸಿಯಂ ಹೊರಹಾಕುವಂತೆ ಮಾಡುತ್ತದೆ. ಸೋಡಿಯಂನೊಡನೆ ನೀರೂ ಉಳಿಯುವುದರಿಂದ ರಕ್ತದೊತ್ತಡ ಕುಸಿಯದು. ಕಾರ್ಟಿಸಾಲ್‌ನ ವ್ಯಾಪ್ತಿ ಇನ್ನೂ ಹಿರಿದು. ಹಸಿದಿರುವಾಗ ಯಕೃತ್ತಿನಲ್ಲಿ ಗ್ಲೂಕೋಸ್ ತಯಾರಾಗಲು ಅದು ನೆರವಾಗುತ್ತದೆ, ಉರಿಯೂತವನ್ನು ಹದ್ದುಬಸ್ತಿನಲ್ಲಿಡುತ್ತದೆ, ಜ್ವರ ಗಾಯಗಳ ಹೊರೆಯನ್ನು ದೇಹ ತಾಳುವಂತೆ ಮಾಡುತ್ತದೆ. ತೊಗಟೆ ನಾಶವಾದರೆ ಆಗುವ ನಿತ್ರಾಣ, ತೂಕದ ಇಳಿಕೆ, ಚರ್ಮದ ಕಪ್ಪಾಗುವಿಕೆಗಳನ್ನು ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ವರ್ಣಿಸಿದನು. ಇಂಥ ರೋಗಿಗಳಿಗೆ ಉಪ್ಪಿನ ಹಂಬಲ ಹೆಚ್ಚು. ಕಾರಣವನ್ನು ಮಕ್ಕಳಿಂದಲೇ ಹೇಳಿಸಬಹುದು.

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಕೀಲುವಾತದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಅವರು ಸಲೀಸಾಗಿ ನಡೆದಾಡಿದರು. ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ 1950ರ ನೊಬೆಲ್ ಪ್ರಶಸ್ತಿ ಸಂದಿತು. ಇಂದು ನಮ್ಮ ತರಗತಿಗಳಿಗೂ ಈ ಔಷಧ ಬಂದಿದೆ. ಮೂತ್ರದಲ್ಲಿ ಪ್ರೋಟೀನು ಸೋರುವ ನೆಫ್ರಾಟಿಕ್ ಕಾಯಿಲೆಯ ಮಕ್ಕಳು ವಾರಗಟ್ಟಲೆ ಪ್ರೆಡ್ನಿಸೋಲೋನ್ ಸೇವಿಸುತ್ತಾರೆ. ಅದರಿಂದ ಮುಖ ದುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ. ತರಬೇತಿಯೊಂದರಲ್ಲಿ ಶಿಕ್ಷಕಿಯೊಬ್ಬರು ಹೇಳಿದ ಸಂಗತಿ ಮರೆಯಲಾಗದು: ಸಹಪಾಠಿಗಳು 'ಬೋಂಡ' ಎಂದು ಹಂಗಿಸಿದ್ದಕ್ಕೆ ಹುಡುಗನೊಬ್ಬ ಮನೆಯವರಿಗೆ ತಿಳಿಯದಂತೆ ಮಾತ್ರೆ ನುಂಗುವುದನ್ನೇ ಬಿಟ್ಟಿದ್ದನಂತೆ.

ಇದರ ಅಪಾಯವನ್ನು ಅರಿಯಲು ಹಿಮ್ಮಾಹಿತಿಯ ಪಾಠವೇ ಸಾಕು. ಪಿಟ್ಯುಟರಿ ಗ್ರಂಥಿಯ ಎಸಿಟಿಎಚ್ ಹಾರ್ಮೋನು ತೊಗಟೆಯಿಂದ ಕಾರ್ಟಿಸಾಲ್ ಬರಿಸುತ್ತದೆ. ರಕ್ತದಲ್ಲಿ ಅದು ಸಾಕಷ್ಟಾದರೆ ಎಸಿಟಿಎಚ್ ತಗ್ಗುತ್ತದೆ. ಮಾತ್ರೆಯ ಸ್ಟೀರಾಯ್ಡನ್ನೂ ಪಿಟ್ಯುಟರಿ ಹಾಗೆಯೇ ಎಣಿಸುವುದರಿಂದ, ಬಹುದಿನ ಚೋದನೆಯಿಲ್ಲದ ತೊಗಟೆ ಸೊರಗುತ್ತದೆ. ಆಗ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ದೇಹದಲ್ಲಿ ಕಾರ್ಟಿಸಾಲ್ ಒದಗಿಸುವವರೇ ಇಲ್ಲ. ಆದಕಾರಣ ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ವ್ಯಾಯಾಮಶಾಲೆಗಳಲ್ಲಿ ಸ್ನಾಯು ಬೆಳೆಸಲು ಬಳಸುವ ಸ್ಟೀರಾಯ್ಡು ಬೇರೆಯೇ ಗುಂಪಿನದೆಂಬುದನ್ನೂ ಪೋಷಕರಿಗೆ ತಿಳಿಸಬೇಕು. ಆ ಹೆಸರಿಗೆ ಹೆದರಿ ಔಷಧ ಬಿಡಿಸುವ ಮನೆಗಳಿವೆ. ಇಂಥ ಮಗು ಶಾಲೆಯಲ್ಲಿ ಪದೇ ಪದೇ ವಾಂತಿ ಮಾಡಿಕೊಂಡರೆ, ವಿಪರೀತ ಸುಸ್ತಾಗಿ ಮಲಗಿದರೆ, ಸಂಜೆಯ ಗಂಟೆಗೆ ಕಾಯದೆ ಪೋಷಕರನ್ನು ಕರೆಸಿ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಮಾತ್ರೆಯ ಹೆಸರು ಬರೆದ ಚೀಟಿಯೂ ಜೊತೆಯಲ್ಲಿರಲಿ.