ಕೆರೆಯಲ್ಲಿ ಹಡಗಿನ ಪಾಠಶಾಲೆ

ಪಣಂಬೂರಿನ ಕಡಲತಡಿಯಲ್ಲಿ ನಿಂತವರಿಗೆ ದೂರದಲ್ಲಿ ಲಂಗರು ಹಾಕಿದ ಹಡಗುಗಳು ಬೆರಳುದ್ದ ಕಾಣುತ್ತವೆ. ಒಳಗಿರುವುದು ಸಾವಿರಾರು ಟನ್ ಕಲ್ಲಿದ್ದಲು, ಕಚ್ಚಾ ತೈಲ, ಅಡುಗೆ ಅನಿಲ. ಇಂಥ ಹಡಗು ಬಂದರಿನೊಳಗೆ ಬರುವಾಗ ಕಪ್ತಾನನ ಪಕ್ಕ ನಿಂತು ದಾರಿ ಹೇಳುವವನು ಬಂದರಿನ ಪೈಲಟ್.

ಸ್ಟಾಪು ಬಂದರೆ ಬಸ್ಸಿನ ಡ್ರೈವರು ಬ್ರೇಕು ಒತ್ತುತ್ತಾನೆ. ಹಡಗಿಗೆ ಬ್ರೇಕೇ ಇಲ್ಲ! ಪೂರಾ ವೇಗದಲ್ಲಿದ್ದ ದೊಡ್ಡ ಹಡಗು ಯಂತ್ರ ಹಿಂದಕ್ಕೆ ತಿರುಗಿಸಿದರೂ ಕಿಲೋಮೀಟರುಗಟ್ಟಲೆ ಸರಿದೇ ನಿಲ್ಲುವುದು. ಹಾಗಾದ್ರೆ ಈ ವಿದ್ಯೆ ಕಲಿಯೋದು ಎಲ್ಲಿ? ಕೋಟಿಗಟ್ಟಲೆ ಬೆಲೆಯ ಹಡಗು ಕೊಟ್ಟು 'ಒಮ್ಮೆ ಡಿಕ್ಕಿ ಹೊಡೆದು ನೋಡು ಮಾರಾಯ' ಎನ್ನಲಾದೀತೇ?

ಫ್ರಾನ್ಸಿನವರು ಇದಕ್ಕೆ ಕೆರೆಯೊಂದನ್ನು ಹುಡುಕಿಕೊಂಡರು. ಗ್ರೆನೋಬಲ್ ಪಟ್ಟಣದ ಹತ್ತಿರ, ಕಾಡಿನ ನಡುವೆ, ಪೋರ್ಟ್ ರೆವೆಲ್ ಎಂಬಲ್ಲಿ 1967ರಿಂದ ಈ ಶಾಲೆ ನಡೆದಿದೆ. ಇಲ್ಲಿನ ಹಡಗುಗಳು ನಿಜ ಹಡಗಿನ 25ನೇ ಒಂದು ಪಾಲು. 300 ಮೀಟರಿನ ಹಡಗು ಇಲ್ಲಿ 12 ಮೀಟರ್. ಎರಡು ಲಕ್ಷ ಟನ್ ತೂಕ ಸುಮಾರು 13 ಟನ್ನಿಗೆ ಇಳಿಯುತ್ತದೆ. ಕಲಿಯಲು ಬಂದವರು ಮಾತ್ರ ಮಕ್ಕಳಲ್ಲ, ನುರಿತ ಪೈಲಟರು, ಕಪ್ತಾನರು. ದೋಣಿಯೊಳಗೆ ಕೂತು ಒಬ್ಬ ಆಜ್ಞೆ ಕೊಡುತ್ತಾನೆ, ಇನ್ನೊಬ್ಬ ಚುಕ್ಕಾಣಿ ತಿರುಗಿಸುತ್ತಾನೆ.

ಹಂಸ ಮತ್ತು ಕಾಗೆ

ಸಣ್ಣ ದೋಣಿ ದೊಡ್ಡ ಹಡಗಿನ ಸತ್ಯ ಹೇಳೀತೇ? ಈ ಅನುಮಾನ ಹಳೆಯದು. ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಎಂಜಿನಿಯರ್ 1867ರಲ್ಲಿ 'ಹಂಸ', 'ಕಾಗೆ' ಎಂದು ಹೆಸರಿಟ್ಟ ಎರಡು ಆಕಾರದ ಮಾದರಿಗಳನ್ನು 3, 6, 12 ಅಡಿಗಳಲ್ಲಿ ಮಾಡಿಸಿ ನೀರಿನಲ್ಲಿ ಎಳೆಸಿದ. ವೇಗವನ್ನು ಉದ್ದದ ವರ್ಗಮೂಲಕ್ಕೆ ಸರಿಹೊಂದಿಸಿದರೆ ಅಲೆಗಳ ವಿನ್ಯಾಸ ಒಂದೇ ಎಂದು ಕಂಡಿತು. 1872ರಲ್ಲಿ ಟಾರ್ಕಿಯಲ್ಲಿ 278 ಅಡಿ ಉದ್ದದ ತೊಟ್ಟಿ ಕಟ್ಟಿ ಮೇಣದ ಮಾದರಿಗಳನ್ನು ಪರೀಕ್ಷಿಸತೊಡಗಿದ.

ಒಂದು ತೊಡಕಿತ್ತು. ಹಡಗು ಸಣ್ಣದಾದರೂ ನೀರು ಸಣ್ಣದಾಗೋದಿಲ್ಲ. ಮೈಗೆ ತಾಗುವ ನೀರಿನ ಘರ್ಷಣೆ ಈ ಲೆಕ್ಕಕ್ಕೆ ಬಗ್ಗದು. ಫ್ರೂಡ್ ಹಲಗೆಗಳನ್ನು ಎಳೆಸಿ ಘರ್ಷಣೆಯನ್ನು ಬೇರೆಯಾಗಿಯೇ ಅಳೆದು ಲೆಕ್ಕಕ್ಕೆ ಕೂಡಿಸಿದ.

ಅದೇ ಲೆಕ್ಕ ಫ್ರಾನ್ಸಿನ ಕೆರೆಯಲ್ಲೂ ನಡೆಯುತ್ತದೆ. 25ರ ವರ್ಗಮೂಲ 5. ಅಂದ್ರೆ ತಾಸಿಗೆ 20 ಕಿ.ಮೀ. ಹೋಗುವ ಹಡಗು ಇಲ್ಲಿ 4 ಕಿ.ಮೀ., ನಮ್ಮ ನಡಿಗೆಯಷ್ಟು. ಆದರೆ ಐದು ನಿಮಿಷದ ಆಟ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಯೋಚಿಸಲು ಪುರುಸೊತ್ತಿಲ್ಲ. ಗಾಳಿಯೂ ಐದು ಪಾಲು ಲೆಕ್ಕ, ತಂಗಾಳಿಯೇ ಬಿರುಗಾಳಿ. ಕಾಡಿನ ಮರೆ ಬೇಕಾದದ್ದು ಇದಕ್ಕೇ.

ದಡದ ಸೆಳೆತ

ಇಲ್ಲಿ ಮುಖ್ಯವಾಗಿ ಕಲಿಯುವುದು ಕಣ್ಣಿಗೆ ಕಾಣದ ಸೆಳೆತಗಳನ್ನು. ಇಕ್ಕಟ್ಟಿನ ಕಾಲುವೆಯಲ್ಲಿ ಹಡಗು ದಡದ ಹತ್ತಿರ ಹೋದರೆ ನಡುವಿನ ನೀರು ಬಿರುಸಾಗಿ ಹರಿದು ಒತ್ತಡ ಇಳಿಯುತ್ತದೆ. ಹಿಂಭಾಗ ದಡದತ್ತ ಸೆಳೆಯಲ್ಪಡುತ್ತದೆ, ಮೂತಿ ಆಚೆ ತಿರುಗುತ್ತದೆ. ಆಳ ಕಡಿಮೆಯಿದ್ದಲ್ಲಿ ವೇಗ ಹೆಚ್ಚಿಸಿದರೆ ಹಡಗು ಇನ್ನಷ್ಟು ತಗ್ಗುತ್ತದೆ.

2021ರ ಮಾರ್ಚ್ 23ರಂದು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡ 400 ಮೀಟರಿನ 'ಎವರ್ ಗಿವನ್' ಯಾರಿಗೆ ನೆನಪಿಲ್ಲ? ಅದರಲ್ಲಿದ್ದ 25 ನಾವಿಕರೂ ಭಾರತದವರು. ಗಾಳಿಯ ಜೊತೆಗೆ ಈ ದಡದ ಸೆಳೆತವನ್ನೂ ಪರಿಣತರು ಎತ್ತಿ ಹೇಳಿದರು. ಆರು ದಿನ ದಾರಿ ಬಂದ್. ನೂರಾರು ಹಡಗು ಸಾಲುಗಟ್ಟಿದವು. ಸರಕಿಗೆ ಕಾದ ವ್ಯಾಪಾರಿಗಳಿಗೆ ಅದರ ಬಿಸಿ ತಟ್ಟಿತು.

ಈಗ ಕಂಪ್ಯೂಟರಿನ ತೆರೆಯ ಮೇಲೂ ಹಡಗು ನಡೆಸಿ ಕಲಿಯಬಹುದು. ಆದರೆ ಅಲ್ಲಿ ನೀರು ಹೇಗೆ ವರ್ತಿಸಬೇಕೆಂದು ಮನುಷ್ಯ ಮೊದಲೇ ಬರೆದಿಟ್ಟಿರುತ್ತಾನೆ. ಕೆರೆಯಲ್ಲಿ ತೀರ್ಪು ನೀರಿನದ್ದೇ. ಅಲ್ಲಿ ದಡಕ್ಕೆ ಬಡಿದರೆ ಹೋಗುವುದು ಸ್ವಲ್ಪ ಬಣ್ಣ, ಒಂದಿಷ್ಟು ಮಾನ. ಬಂದರಿನ ಬಾಯಲ್ಲಿ ಬಡಿದರೆ ತೈಲ ಚೆಲ್ಲೀತು, ಮೀನುಗಾರರ ಬಲೆ ಬರಿದಾದೀತು, ನಾವಿಕರ ಜೀವಕ್ಕೂ ಕುತ್ತು ಬಂದೀತು. ಎರಡರಲ್ಲಿ ಯಾವುದು ಅಗ್ಗ ಅಂತ ಅಂಗಡಿಯವರಿಗೆ ಹೇಳಿಕೊಡಬೇಕಿಲ್ಲ.