ಮಾಲ್ದೀವ್ಸ್‌ಗೆ ಹೋಗುವವರೇ, ಯಾವ ದ್ವೀಪಕ್ಕೆ?

ಮದುವೆಯಾದ ಹೊಸತರಲ್ಲಿ ಮಾಲ್ದೀವ್ಸ್ ನೋಡುವ ಆಸೆ ನಮ್ಮ ಮಕ್ಕಳಿಗೂ ಇದೆ. 'ಮುಸ್ಲಿಮರ ದೇಶ ಅಲ್ವಾ, ಹಲಾಲ್ ಚಿಂತೆ ಇಲ್ಲ' ಅಂತ ಮನೆಯವರೂ ಸುಮ್ಮನಿರುತ್ತಾರೆ. ಆದರೆ ಅಲ್ಲಿನ ದ್ವೀಪಗಳಲ್ಲಿ ಎರಡು ಬಗೆ ಇದೆ.

1972ರಲ್ಲಿ ಶುರುವಾದ ಮೊದಲ ರೆಸಾರ್ಟ್ ಕುರುಂಬಾದಿಂದ ಹಿಡಿದು ಹೆಚ್ಚಿನ ರೆಸಾರ್ಟ್‌ಗಳಿರುವುದು ಊರಿಲ್ಲದ ಪ್ರತ್ಯೇಕ ದ್ವೀಪಗಳಲ್ಲಿ. ಅಲ್ಲಿ ಪ್ರವಾಸಿಗರಿಗೆ ಮದ್ಯ, ಹಂದಿಮಾಂಸ ಕೊಡಲು ಅನುಮತಿ ಇದೆ. ಮಾಫುಶಿಯಂಥ ಜನವಸತಿಯ ದ್ವೀಪಗಳಲ್ಲಿ ಅವೆರಡೂ ನಿಷಿದ್ಧ. ಮಸೀದಿಯಿಂದ ಐದು ಹೊತ್ತೂ ಬಾಂಗ್ ಕೇಳುತ್ತದೆ. 2009ರ ನಂತರ ಅಲ್ಲೂ ಗೆಸ್ಟ್‌ಹೌಸ್‌ಗಳು ಬಂದಿವೆ, ಖರ್ಚೂ ಕಡಿಮೆ. ಬಿಕಿನಿಗೆ ಬೇರೆಯೇ ಬೀಚ್ ಗುರುತಿಸಿರುವುದರಿಂದ ಕುಟುಂಬದವರಿಗೆ ಮುಜುಗರವಿಲ್ಲ.

ನಮ್ಮ ಮಂಗಳೂರನ್ನೂ ಕಂಡಿದ್ದ ಇಬ್ನ್ ಬತೂತ 1343ರಲ್ಲಿ ಆ ದ್ವೀಪಗಳಿಗೆ ಹೋಗಿದ್ದರು. ಜನರು ದೋಣಿಯಲ್ಲಿ ಎದುರು ಬಂದು, ವೀಳ್ಯದೆಲೆ, ಎಳನೀರು ಕೊಟ್ಟು, ಹಡಗಿನವರನ್ನು ಸಂಬಂಧಿಕರಂತೆ ಮನೆಗೆ ಕರೆದೊಯ್ಯುತ್ತಿದ್ದರೆಂದು ಬರೆದಿದ್ದಾರೆ. ಆ ಜನರ ಜೊತೆ ಬೆರೆಯಬೇಕಾದರೆ ಊರಿರುವ ದ್ವೀಪಕ್ಕೇ ಹೋಗಬೇಕು.

ರೆಸಾರ್ಟೇ ಬೇಕೆನ್ನುವವರು ದುಡ್ಡು ಕಟ್ಟುವ ಮೊದಲು ಕೇಳಿಕೊಳ್ಳಿ: ಹಲಾಲ್ ಅಡುಗೆಗೆ ಪಾತ್ರೆ ಬೇರೆ ಇದೆಯಾ? ನಮಾಝಿಗೆ ಜಾಗ ಇದೆಯಾ? ಅಲ್ಲಾಹನು ಸೃಷ್ಟಿಸಿದ ಕಡಲನ್ನು ನೋಡಿ ಸಂತೋಷಪಡುವುದು ತಪ್ಪಲ್ಲ. ಆದರೆ ಮುಸಾಫಿರನಿಗೆ ನಮಾಝ್‌ನಲ್ಲಿ ರಿಯಾಯಿತಿ ಇದೆ, ರಜೆ ಇಲ್ಲ.