ನಿಮಗಿದು ಗೊತ್ತೆ?: ಮುರಿಯದ ರೆಕ್ಕೆಯ ನಟನೆ

ಉತ್ತರ ಅಮೆರಿಕದ ಬಯಲುಗಳಲ್ಲಿಯೂ ನದೀತೀರದ ಜಲ್ಲಿಗಲ್ಲುಗಳ ನಡುವೆಯೂ, ಗೂಡೆಂಬ ಹೆಸರಿಗೆ ಸಲ್ಲದಷ್ಟು ಅಲ್ಪವಾದ ಗುಳಿಯೊಂದರಲ್ಲಿ ಸಾಮಾನ್ಯವಾಗಿ 4 ಮೊಟ್ಟೆಗಳನ್ನಿಡುವ ಕಿಲ್‌ಡಿಯರ್ ಎಂಬ ಪಕ್ಷಿಯು, ನರಿಯೋ ನಾಯಿಯೋ ಸಮೀಪಿಸಿದೊಡನೆ ಅಲ್ಲಿಂದ ತುಸು ದೂರ ಸರಿದು, ಒಂದು ರೆಕ್ಕೆಯನ್ನು ಮುರಿದಂತೆ ಜೋಲುಬಿಟ್ಟು, ಕಿತ್ತಳೆಛಾಯೆಯ ಬಾಲವನ್ನು ಅಗಲವಾಗಿ ಹರಡಿ, ಆರ್ತಸ್ವರದಿಂದ ಕೂಗುತ್ತ ನೆಲದ ಮೇಲೆ ಹೊರಳಾಡತೊಡಗುತ್ತದೆ. ಅನಾಯಾಸವಾಗಿ ಆಹಾರ ದೊರೆಯಿತೆಂದು ಭ್ರಮಿಸಿದ ವೈರಿಯು ಹಿಂಬಾಲಿಸಿದಷ್ಟೂ ಕೈಗೆಟುಕದಂತೆ ಮುಂದುಮುಂದಕ್ಕೆ ತೆವಳಿ, ಅಪಾಯವು ದೂರವಾದ ಬಳಿಕ ಸ್ವಸ್ಥವಾದ ಎರಡು ರೆಕ್ಕೆಗಳನ್ನೂ ಬಿಚ್ಚಿ ಹಾರಿಹೋಗುತ್ತದೆ. ಇದಕ್ಕಿಂತಲೂ ವಿಸ್ಮಯಕರವಾದುದು ಆ ಕಿರುಜೀವಿಯ ವಿವೇಚನೆ: ಮೇಯುತ್ತ ಬರುವ ದನಗಳಿಗೆ ಮಾಂಸದ ಆಸೆಯಿಲ್ಲ, ಅವುಗಳಿಂದ ತುಳಿತದ ಭಯ ಮಾತ್ರ ಉಂಟು, ಆದುದರಿಂದ ಅವುಗಳೆದುರು ಈ ನಟನೆಯನ್ನು ಹೂಡದೆ, ಗರಿಗೆದರಿ ಮುಖಕ್ಕೇ ನುಗ್ಗಿ ದಾರಿ ತಪ್ಪಿಸುತ್ತದೆ.

ಉತ್ತರಧ್ರುವದ ಸಮೀಪದಲ್ಲಿ ಮರಿಮಾಡುವ ಪರ್ಪಲ್ ಸ್ಯಾಂಡ್‌ಪೈಪರ್ ಎಂಬ ಹಕ್ಕಿಯದು ಬೇರೊಂದು ವೇಷ: ಅದು ಗರಿಗಳನ್ನು ಉಬ್ಬಿಸಿಕೊಂಡು, ಇಲಿಯ ಹಾಗೆ ಕೀಚುಗುಟ್ಟುತ್ತ ಓಡಿ ನರಿಯನ್ನು ಗೂಡಿನಿಂದ ದೂರ ಸೆಳೆದೊಯ್ಯುತ್ತದೆ.

ಕ್ರಿ. ಪೂ. 4ನೆಯ ಶತಮಾನದಷ್ಟು ಹಿಂದೆಯೇ ಗ್ರೀಸಿನ ಅರಿಸ್ಟಾಟಲನು, ಬೇಟೆಗಾರನೆದುರು ಹೊರಳಾಡಿ ಅವನನ್ನು ಮರಿಗಳಿಂದ ದೂರ ಸೆಳೆಯುವ ಕವುಜುಗದ ಈ ಚಾತುರ್ಯವನ್ನು ತನ್ನ ಪ್ರಾಣಿಶಾಸ್ತ್ರ ಗ್ರಂಥದಲ್ಲಿ ವರ್ಣಿಸಿದ್ದಾನೆ. ಇದನ್ನು ವಂಚನೆಯೆಂದು ಕರೆಯುವುದಕ್ಕೆ ಮನಸ್ಸೊಪ್ಪದು. ಸಂತತಿಗಾಗಿ ತನ್ನ ಪ್ರಾಣವನ್ನೇ ಪಣವಾಗಿಡುವ ಧೈರ್ಯವಿದು.

ಹೊಲದಲ್ಲೋ ಹೊಳೆಯ ದಂಡೆಯಲ್ಲೋ ಹಕ್ಕಿಯೊಂದು ನಿಮ್ಮೆದುರು ಹೀಗೆ ಕುಂಟಿದರೆ, ಅದನ್ನು ಹಿಡಿಯಹೋಗದೆ ಕಾಲಬುಡವನ್ನು ನೋಡಿಕೊಂಡು ಬಂದ ದಾರಿಯಲ್ಲೇ ಹಿಂತಿರುಗಿರಿ. ಮೊಟ್ಟೆಗಳು ಸಮೀಪದಲ್ಲಿಯೇ ಇರಬಹುದು.